ಲಕ್ಷ್ಮೀಪತಿಯ ಓದುಗರು

ಪಾವಗಡದ ಬಸ್ ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಅಂಗಡಿ ಇಟ್ಟಿರುವ ಲಕ್ಷ್ಮೀಪತಿಗೆ ಒಂದು ಹುಚ್ಚು. ಕೂಲಿಕಾರರ ಸಂಘದ ಕೆಂಬಾವುಟ ಹಿಡಿದು ಊರೂರು ತಿರುಗಿದ ಮನುಷ್ಯ, ಮಂಡಿನೋವು ಬಂದ ಮೇಲೆ ‘ಕೂಲಿ ಮಾತು’ ಅಂತ ಬ್ಲಾಗ್ ಶುರುಮಾಡಿದ. ಬರೆಯುವುದು ಒಳ್ಳೆಯದೇ ಬಿಡಿ. ಬರೆದದ್ದನ್ನು ಎಷ್ಟು ಜನ ಓದಿದರು ಅಂತ ಗಳಿಗೆಗೊಂದು ಸಲ ಫೋನು ತೆಗೆದು ನೋಡುವುದಿದೆಯಲ್ಲ, ಅದು ಹುಚ್ಚು. ಗಿರಾಕಿ ಆಧಾರ್ ಕಾರ್ಡು ಹಿಡಿದು ನಿಂತಿದ್ದರೂ ಇವನ ಕಣ್ಣು ಓದುಗರ ಲೆಕ್ಕ ತೋರಿಸುವ ಆ ಗೆರೆಯ ಮೇಲೇ. ಗೆರೆ ಏರಿದರೆ ಊಟ ಸೇರುತ್ತಿತ್ತು, ಇಳಿದರೆ ಹೆಂಡತಿ ಮಂಜುಳಾ ಮಾಡಿದ ಸಾರಿಗೆ ಉಪ್ಪು ಕಡಿಮೆಯಾಗುತ್ತಿತ್ತು. ಬಂಡವಾಳಶಾಹಿಯನ್ನು ಬೈದು ಮಾರುದ್ದ ಬರೆದರೆ ಓದುತ್ತಿದ್ದದ್ದು ಅದೇ ಹಳೆಯ ಸಂಗಾತಿಗಳು. ಪಾಪ, ಅವರಿಗೆ ಅದೆಲ್ಲ ಮೊದಲೇ ಗೊತ್ತಿತ್ತು.

ಹೋದ ಬೇಸಿಗೆಯಲ್ಲಿ ತಿರುಮಣಿ ಕಡೆಯ ಹಳ್ಳಿಯೊಂದರಲ್ಲಿ ಪುಟ್ಟಕ್ಕ ಸಿಕ್ಕಳು. ಹಿಂದೆ ಕಡಲೆಕಾಯಿ ಕೀಳಲು ಹೋಗುತ್ತಿದ್ದ ಹೊಲಗಳಲ್ಲೇ ಅವಳಿಗೆ ಈಗ ಸೋಲಾರ್ ಪ್ಯಾನಲ್ ತೊಳೆಯುವ ಕೂಲಿ. ಜಮೀನಿದ್ದವರಿಗೆ ಸೋಲಾರ್ ಕಂಪನಿಯಿಂದ ಗುತ್ತಿಗೆ ದುಡ್ಡು ಬರುತ್ತದೆ, ಇವಳಿಗೆಲ್ಲಿಯ ಜಮೀನು? ಗಾಜು ತೊಳೆಯಲು ಟ್ಯಾಂಕರ್ ನೀರು ಬರುತ್ತದೆ, ತಮಗೆ ಕುಡಿಯುವ ನೀರನ್ನು ಮಾತ್ರ ಮನೆಯಿಂದ ಹೊರಬೇಕು ಅಂದಳು. ಆ ಪ್ಯಾನಲ್ಲುಗಳಿಗೆ ಅವಳಿಟ್ಟ ಹೆಸರು ‘ಗಾಜಿನ ಬೆಳೆ’. ಲಕ್ಷ್ಮೀಪತಿ ಅವಳ ಹೆಸರನ್ನೇನೋ ಮರೆಮಾಡಿದ. ಆದರೆ ಕೂಲಿಯವರ ಮಾತನ್ನು ತಿದ್ದಬಾರದು ಅನ್ನುವುದು ಸಂಘದಲ್ಲಿ ಕಲಿತ ಶಿಸ್ತು, ಹಾಗಾಗಿ ಅವಳ ಮಾತನ್ನು ಇದ್ದಂತೆಯೇ ಬರೆದು ‘ಗಾಜಿನ ಬೆಳೆ’ಯನ್ನೇ ತಲೆಬರಹ ಮಾಡಿದ.

ಗೆರೆ ಎದ್ದಿತು ನೋಡಿ! ಹಿಂದೆಂದೂ ಕಾಣದಷ್ಟು ಓದುಗರು, ಹೆಚ್ಚಿನವರು ವಾಟ್ಸಾಪಿನಿಂದ ಬಂದವರು. ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಫೋನು ತೋರಿಸಿ, ಮೈಸೂರು ಪಾಕು ಹಂಚಿ, ಜನ ಎಚ್ಚೆತ್ತಿದ್ದಾರೆ ಅಂತ ಭಾಷಣ ಬೇರೆ ಬಿಗಿದ.

ಮಾರನೆಯ ದಿನ ಸಂಘದ ರೇಣುಕಯ್ಯ ಫೋನು ಮಾಡಿ ವಿಷಯ ತಿಳಿಸಿದ. ಎಚ್ಚೆತ್ತವರು ಪ್ಯಾನಲ್ ತೊಳೆಸುವ ಗುತ್ತಿಗೆದಾರನ ಕಡೆಯವರು. ಹೀಗೆ ಬಾಯಿಬಿಟ್ಟವರು ಯಾರು ಅಂತ ಪತ್ತೆ ಮಾಡಲು ಮೇಸ್ತ್ರಿಗಳು ಆ ಬರಹವನ್ನು ಗುಂಪಿಂದ ಗುಂಪಿಗೆ ದಾಟಿಸಿದ್ದರು. ‘ಗಾಜಿನ ಬೆಳೆ’ ಅನ್ನುವವಳು ಆ ಸುತ್ತಿನಲ್ಲಿ ಒಬ್ಬಳೇ. ಪುಟ್ಟಕ್ಕನನ್ನು ಕೆಲಸದಿಂದ ಬಿಡಿಸಿದ್ದರು. ಲಕ್ಷ್ಮೀಪತಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಅಂಗಡಿ ಬಾಗಿಲು ಎಳೆದು ಸಿಕ್ಕಿದ ಬಸ್ಸು ಹತ್ತಿದ. ಪುಟ್ಟಕ್ಕ ಮನೆಮುಂದೆ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ತಪ್ಪಾಯಿತು ಅಂದ, ಈಗಲೇ ಅಳಿಸಿಹಾಕುತ್ತೇನೆ ಅಂತ ಫೋನು ತೆಗೆದ.

“ಇರಣ್ಣ. ನಮ್ ಮೇಸ್ತ್ರಿ ಓದವ್ನಾ?” ಅಂದಳು ಪುಟ್ಟಕ್ಕ.

“ಓದವ್ನೆ ಕಣಕ್ಕ.”

“ಅವ್ನ ಮ್ಯಾಲಿನೋರು?”

“ಅವ್ರೂ ಓದವ್ರೆ.”

ಪುಟ್ಟಕ್ಕ ಕುಟ್ಟುವುದನ್ನು ನಿಲ್ಲಿಸಿದಳು. “ಎದುರ್ಗೆ ನಿಂತು ಹೇಳ್ದಾಗ ಒಬ್ರೂ ಕಿವಿಗಾಕ್ಕಳ್ಳಿಲ್ಲ. ಕೆಲ್ಸ ಹೆಂಗೂ ಹೋಯ್ತು, ಮಾತೂ ಯಾಕೆ ಕಳ್ಕಳ್ಳಿ? ಅಳಿಸ್ಬ್ಯಾಡ. ನನ್ ಹೆಸ್ರು ಹಾಕ್ಬುಡು.”

ಇನ್ನೆಲ್ಲೂ ಕೆಲಸ ಸಿಗದಂತೆ ಮಾಡುತ್ತಾರೆ, ಯೋಚನೆ ಮಾಡು ಅಂತ ಅವನು ಎಷ್ಟೋ ಹೇಳಿನೋಡಿದ. ಅವಳು ಆಗಲೇ ಹುಣಸೆಹಣ್ಣಿಗೆ ಕೈಹಾಕಿದ್ದಳು. ಲಕ್ಷ್ಮೀಪತಿ ಜಗಲಿಯ ಮೇಲೆ ಕೂತು ಆ ಬರಹದ ಕೆಳಗೆ ‘ಪುಟ್ಟಕ್ಕ’ ಅಂತ ಬರೆದ. ಓದುಗರಿಗಾಗಿ ಇಷ್ಟು ವರ್ಷ ಬಾಯಿಬಿಟ್ಟುಕೊಂಡು ಕಾದಿದ್ದವನಿಗೆ, ಅದನ್ನು ಹಾಕುವಾಗ, ಯಾರೂ ಓದದಿದ್ದರೆ ಸಾಕಪ್ಪಾ ಅನ್ನಿಸಿತು.