ಸುಟ್ಟ ಬ್ಯಾರನ್ನಿನ ಮುಂದೆ ನಕ್ಕವರು

ಅರಕಲಗೂಡಿನ ಹತ್ತಿರ, ಪಕ್ಕದ ಹೊಲದ ಯಜಮಾನರ ಬ್ಯಾರನ್, ಅಂದರೆ ಹೊಗೆಸೊಪ್ಪನ್ನು ಕಾವಿನಲ್ಲಿ ಹದ ಮಾಡುವ ಮನೆ, ಸುಟ್ಟುಹೋದ ಬೆಳಿಗ್ಗೆ ಅಲ್ಲಿದ್ದದ್ದು ಆ ಯಜಮಾನರು, ನಮ್ಮ ಮಾವ ಮತ್ತು ನಾನು. ಬಸ್ಸು ತಪ್ಪಿದರೂ "ಕರ್ತ ಎಲ್ಲೂ ಓಗಿಲ್ಲ ಕಣಣ್ಣ" ಎನ್ನುತ್ತಿದ್ದ ಆ ಯಜಮಾನರು, ಕೊರಳ ಶಿಲುಬೆಯನ್ನು ಅಂಗಿಯೊಳಗೆ ಸೇರಿಸುತ್ತಾ, "ಸೊಪ್ಪು ಓಯ್ತು. ಕರ್ತ ಎಲ್ಲೂ ಓಗಿಲ್ಲ" ಎಂದು ಸಣ್ಣಗೆ ನಕ್ಕರು.

"ಸೊಪ್ಪು ಮೊದ್ಲೇ ಸಾಗ್ಸವ್ನೆ ಕಣ್ಲಾ. ಇಲ್ದಿದ್ರೆ ನಗು ಎಲ್ಲಿಂದ ಬತ್ತದೆ?" ಎಂದು ಮಾವ ಪಿಸುಗುಟ್ಟಿದರು. ನನಗೂ ಹಾಗೇ ಅನ್ನಿಸಿ, ಸುಟ್ಟ ಸೊಪ್ಪಿನ ಗುರುತೇನಾದರೂ ಇದೆಯೇ ಎಂದು ಬೂದಿ ಕೆದಕತೊಡಗಿದೆ.

"ಉಸಾರು ಕಣಪ್ಪ, ಒಳಗೆ ಕಾವು ಕೊಡೋ ಬಿಸಿ ಕೊಳವೆ ಮ್ಯಾಲೆ ಎಲೆ ಉದುರೇ ಇದಕ್ಕೆಲ್ಲ ಬೆಂಕಿ ಒತ್ಕೊಂಡಿದ್ದು. ಇನ್ನೂ ಸುಡ್ತದೆ" ಎಂದು ಯಜಮಾನರು ನನ್ನ ಕೈ ಹಿಂದಕ್ಕೆಳೆದರು.

ಮುಂದಿನ ವಾರ ನಮ್ಮ ಬ್ಯಾರನ್ ತುಂಬಿದ್ದೆವು. ಬೆಂಕಿ ಹಾಕುವ ಮುನ್ನ ಆ ಯಜಮಾನರು ಬಂದು ಒಳಗೆ ತೆವಳಿದರು. "ಏನ್ ಕದಿಯಾಕ್ ಬಂದವ್ನೋ" ಎಂದು ಮಾವ ಬಾಗಿಲಲ್ಲೇ ನಿಂತರು. ಕೊಳವೆಯ ಮೇಲೆ ಬಿದ್ದಿದ್ದ ಎರಡು ಎಲೆ ತಂದು ಅವರು ಮಾವನ ಕೈಗಿಟ್ಟರು.