ಶಟರ್ ಮೇಲಿನ ಹೆಸರುಗಳು

ಹೊಲಿದ ಮೇಲೆ ಅಂಗೈಯಗಲ ಬಟ್ಟೆ ಉಳಿದರೂ ಅದನ್ನು ಮಡಚಿ, ರವಿಕೆಯ ಜೊತೆಗಿಟ್ಟು ವಾಪಸ್ ಕೊಡುತ್ತಿದ್ದ ಟೈಲರ್ ಎಂದರೆ ನಮ್ಮ ಸುಶೀಲಕ್ಕ ಒಬ್ಬಳೇ. ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಮನೆಯೆದುರಿಗೇ ಅವಳ ಅಂಗಡಿ. "ಇಷ್ಟು ಚೂರು ನನಗ್ಯಾಕಕ್ಕ, ನೀನೇ ಇಟ್ಕ" ಎಂದರೆ ಕತ್ತರಿ ಕೆಳಗಿಡದೆಯೇ ಹೇಳುತ್ತಿದ್ದಳು: "ನಿನ್ನ ಬಟ್ಟೆ ನನ್ನತ್ರ ಯಾಕ ಇರ್ಬೇಕು ತಂಗಿ? ಇವತ್ತು ಚೂರು, ನಾಳೆ ಮೀಟ್ರು."

ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾದಾಗ ಇವಳು ಪಾಲಿಕೆ ಚುನಾವಣೆಗೆ ಪಕ್ಷೇತರಳಾಗಿ ನಿಂತೇಬಿಟ್ಟಳು. ಕೈಯಲ್ಲಿ ಕಾಸಿಲ್ಲ. ಮನೆಮನೆಗೆ ಹೋಗಿ ಐವತ್ತು, ನೂರು ಕೇಳಿದಳು. ಯಾರು ಎಷ್ಟು ಕೊಟ್ಟರೆಂದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಅಂಗಡಿಯ ಶಟರ್ ಮೇಲೆ ಹೆಸರು ಸಮೇತ ಬರೆದಳು. ಪಕ್ಕದಲ್ಲೇ ಖರ್ಚು: ಕರಪತ್ರ, ಆಟೋ, ಮೈಕು. ಶಟರ್ ಇಳಿಸಿದರೆ ತಾನೇ ಜನ ಓದುವುದು? ಅದಕ್ಕೆ ಮೆಷಿನನ್ನು ಹೊರಗಿನ ಕಟ್ಟೆಗೆ ತಂದು ಬಿಸಿಲಲ್ಲೇ ಹೊಲಿಯುತ್ತಿದ್ದಳು. "ಓಟು ಗುಟ್ಟಾಗಿ ಹಾಕ್ರಿ, ರೊಕ್ಕ ಎಲ್ರ ಮುಂದ ಕೊಡ್ರಿ" ಎನ್ನುವುದೇ ಅವಳ ಭಾಷಣ. ನಾನು ಇನ್ನೂರು ಕೊಟ್ಟಿದ್ದೆ. ಮೊದಲ ಹೆಸರು ಅವಳದೇ, ಮೂರನೆಯದು ನನ್ನದು. ಬಂದ ನೆಂಟರಿಗೆಲ್ಲ ತೋರಿಸಿ ಬೀಗಿದ್ದೂ ಉಂಟು.

ಎದುರಾಳಿ ಒಬ್ಬ ಸೈಟು ವ್ಯಾಪಾರಿಯ ಹೆಂಡತಿ. ಬ್ಯಾನರಿನಲ್ಲಿ ಬಿಟ್ಟರೆ ಆಕೆಯ ಮುಖ ನಾವು ಕಾಣೆವು, ಓಡಾಡಿದ್ದೆಲ್ಲ ಗಂಡ. ಮನೆಗೊಂದು ಕುಕ್ಕರ್ ಹಂಚಿದ. ಚುನಾವಣಾ ಕಚೇರಿಗೆ ಕೊಟ್ಟ ಖರ್ಚಿನ ಪುಸ್ತಕದಲ್ಲಿ ಇದ್ದದ್ದು ಮಾತ್ರ ಚಹಾ ಮತ್ತು ಕುರ್ಚಿ ಬಾಡಿಗೆಯಂತೆ! ಬರೆದ ಕೈಗೆ ಹುಳ ಬೀಳಲಿ.

ಅವನ ಕಡೆಯವನೊಬ್ಬ ಶಟರಿನ ಫೋಟೊ ಹೊಡೆದುಕೊಂಡು ಹೋದ. ಮರುದಿನದಿಂದ ಹೆಸರಿದ್ದ ಮನೆಗಳನ್ನೇ ಹುಡುಕಿಕೊಂಡು ಬರತೊಡಗಿದ. ನಮ್ಮ ಮನೆಯಲ್ಲಿ ಕೂತು, ನಾನು ಕೊಟ್ಟ ಚಹಾವನ್ನೇ ಕುಡಿದು, "ನಿಮ್ಮ ಮನಿ ಖಾತೆ ಬದಲಾವಣೆ ಅರ್ಜಿ ಪಾಲಿಕೇಲಿ ಹಂಗೇ ಕುಂತೈತಂತಲ್ರಿ ಮೇಡಂ? ಶಟರ್ ಮ್ಯಾಲೆ ಹೆಸ್ರು ಮಾತ್ರ ಚೆಂದ ಕಾಣ್ತೈತೆ ಬಿಡ್ರಿ" ಎಂದು ನಕ್ಕ.

ಅಂದೇ ಸಂಜೆ ಸುಶೀಲಕ್ಕನ ಮುಂದೆ ಹೋಗಿ ನಿಂತೆ. ನನಗಿಂತ ಮೊದಲೇ ಇಬ್ಬರು ಬಂದು ನಿಂತಿದ್ದರು.

"ಹೆಸ್ರು ಅಳಿಸಿಬಿಡಕ್ಕ. ರೊಕ್ಕ ಇರ್ಲಿ" ಎಂದೆ.

ಅವಳು ಮೆಷಿನ್ ನಿಲ್ಲಿಸಿದಳು. "ಹೆಸ್ರಿಲ್ಲದ ರೊಕ್ಕ ಅವರತ್ರ ಬೇಕಾದಷ್ಟೈತೆ ತಂಗಿ. ನನಗ ಬ್ಯಾಡ."

ನಾನು ಕೊಟ್ಟಿದ್ದು ಆಗಲೇ ಕರಪತ್ರಕ್ಕೆ ಖರ್ಚಾಗಿತ್ತು. ಹೊಲಿಗೆಯ ದುಡ್ಡಿನ ಡಬ್ಬಿಯಿಂದ ಇನ್ನೂರು ತೆಗೆದು ನನ್ನ ಕೈಗಿಟ್ಟಳು. ಜೊತೆಗೊಂದು ಒದ್ದೆ ಬಟ್ಟೆ. "ನೀನೇ ಒರೆಸು."

ಒರೆಸಿದೆ. ಗುರುತೂ ಉಳಿಯದ ಹಾಗೆ ಒರೆಸಿದೆ.

ಮತದಾನದ ಹೊತ್ತಿಗೆ ಶಟರ್ ಮೇಲೆ ಉಳಿದದ್ದು ಅವಳೊಬ್ಬಳದೇ ಹೆಸರು. ಸೋತಳು. ಗೆದ್ದವರಿಗೆ ಎಲ್ಲಿ ಬೇಸರವಾದೀತೋ ಎಂದು ಬೀದಿಯವರು ಅವಳಿಗೆ ಬಟ್ಟೆ ಕೊಡುವುದನ್ನೂ ಬಿಟ್ಟರು. ಅದೇ ಜನ ಕಟ್ಟೆಯ ಮೇಲೆ ಕೂತು "ಕಾಲ ಕೆಟ್ಟೋತು" ಎಂದು ಲೊಚಗುಟ್ಟುವಾಗ ಉಗಿಯಬೇಕೆನ್ನಿಸುತ್ತದೆ. ಆದರೆ ಯಾವ ಬಾಯಲ್ಲಿ ಉಗಿಯಲಿ? ನಮ್ಮ ಖಾತೆ ಸಲೀಸಾಗಿ ಬದಲಾಯಿತು. ಆ ಕುಕ್ಕರ್ ನಮ್ಮ ಒಲೆಯ ಮೇಲೆ ಇವತ್ತಿಗೂ ಸೀಟಿ ಹೊಡೆಯುತ್ತದೆ. ಆ ಅನ್ನ ಉಣ್ಣುತ್ತೇನೆ, ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ, ಮತ್ತೆ ಉಣ್ಣುತ್ತೇನೆ.

ಸುಶೀಲಕ್ಕ ಅಂಗಡಿ ಮುಚ್ಚಿ ತವರೂರು ಹರಿಹರಕ್ಕೆ ಹೋದಳು. ಹೋದ ವರ್ಷ ವಿಳಾಸ ಕೇಳಿಕೊಂಡು, ಒಂದು ರವಿಕೆ ಬಟ್ಟೆ ಹಿಡಿದು ಅಲ್ಲಿಗೆ ಹೋದೆ. "ಬರ್ರಿ ಮೇಡಂ, ಕೂಡ್ರಿ" ಎಂದಳು. ತಂಗಿ ಎನ್ನಲಿಲ್ಲ. ಮೊದಲಿನ ಹಾಗೆಯೇ ಅಳತೆ ತೆಗೆದುಕೊಂಡಳು, ಬಿಲ್ ಪುಸ್ತಕ ತೆರೆದು ತಾರೀಖು ಹಾಕಿದಳು. ಆಮೇಲೆ ಪೆನ್ನು ಎತ್ತಿ ನನ್ನ ಮುಖ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಮ್ಮ ಹೆಸ್ರು ಬರೀಲೇನ್ರಿ, ಬ್ಯಾಡೇನ್ರಿ?"

ಉತ್ತರ ಕೊಡುವ ಮೊದಲು ನಾನು, ಅಂಗಡಿಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದೆ.