ಪಾಪಣ್ಣನ ಕ್ಯಾಬಿನ್ನಿನಲ್ಲಿ ತಂಗಿಯ ದನಿ

ಪಾಪಿರೆಡ್ಡಿಪಟ್ಟಿಯ ಪಾಪಣ್ಣ ಯಾವುದನ್ನಾದರೂ ಹೊಡೆದೇ ಪರೀಕ್ಷಿಸುವ ಮನುಷ್ಯ. ಟೈರಿಗೆ ಕಬ್ಬಿಣದ ರಾಡಿನಿಂದ ಬಡಿದು, ಸದ್ದು ಕೇಳಿ ಗಾಳಿ ಎಷ್ಟಿದೆ ಎಂದು ಹೇಳುತ್ತಾನೆ. ಅದು ಎಲ್ಲ ಲಾರಿ ಡ್ರೈವರುಗಳ ಪದ್ಧತಿ. ಮನುಷ್ಯರನ್ನೂ ಹಾಗೆಯೇ ನೋಡುವುದು ಪಾಪಣ್ಣನ ಸ್ವಂತ ಸೇರ್ಪಡೆ. ಅವನು ಕೈ ಮಾಡದ ಒಂದೇ ಜೀವ ತಂಗಿ ಸೆಲ್ವಿ. ತಾಯಿ ಹೋದ ಮೇಲೆ ತಲೆ ಬಾಚಿ ಬೆಳೆಸಿದವನು ಅವನೇ. ಅವಳನ್ನು ಮದುವೆಗೆ ಕೇಳಲು ಬಂದಿದ್ದ ಮುತ್ತುಸ್ವಾಮಿಗೆ ಈಗ ಮುಂದಿನ ಹಲ್ಲುಗಳಿಲ್ಲ.

ಮುತ್ತುಸ್ವಾಮಿಯೂ ಡ್ರೈವರೇ. ಪಾಪಣ್ಣನ ಲಾರಿಯನ್ನು ಮೊದಲು ಓಡಿಸುತ್ತಿದ್ದವನು. ನಮ್ಮ ಶಂಕಗಿರಿಯ ಲಾರಿ ಯಾರ್ಡಿನಲ್ಲಿ ಒಂದು ಲಾರಿಯ ಕೆಲಸ ಬಿಡುವ ಡ್ರೈವರು ತನ್ನ ದೇವರ ಪಟ, ಹಾಸಿಗೆ, ಊಟದ ತಟ್ಟೆ ಎಲ್ಲ ಇಳಿಸಿಕೊಂಡು ಹೋಗುತ್ತಾನೆ. ಕ್ಯಾಬಿನ್ನಿನ ಹಾಡಿನ ಸೆಟ್ಟಿಗೂ ತನ್ನ ಫೋನಿಗೂ ಇರುವ ಬ್ಲೂಟೂತ್ ನಂಟನ್ನು ಬಿಡಿಸುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಪಾಪಣ್ಣನದು ಬಟನ್ ಫೋನು. ಅಂಥದೊಂದು ನಂಟಿದೆ ಎಂದೇ ಅವನಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಯಾರ್ಡಿನಲ್ಲಿ, ಮುರುಗನ ಹಾಡು ಪಟ್ಟನೆ ನಿಂತು ಸೆಟ್ಟಿನಿಂದ ಸೆಲ್ವಿಯ ದನಿ ಬಂತು.

"ಅಲೋ, ಯಾಕೆ ಮಾತಾಡ್ತಿಲ್ಲ? ಸೋಮವಾರ ರಿಜಿಸ್ಟರ್ ಆಫೀಸ್‌ಗೆ ಬರ್ತೀಯೋ, ಇಲ್ಲ ನಮ್ಮಣ್ಣನ್ಗೆ ಎದ್ರುಕೊಂಡ್ಯೋ?"

ಪಾಪಣ್ಣ ರಾಡು ಹಿಡಿದು ಕೆಳಗೆ ಹಾರಿದ. ನಾನು ಅಲ್ಲಿನ ಬುಕಿಂಗ್ ಗುಮಾಸ್ತ. ಕೇಳದಿದ್ದರೂ ವಿವರಿಸುವ ಚಟ.

"ಅದು ಬ್ಲೂಟೂತ್ ಪಾಪಣ್ಣ. ತಂತಿ ಬ್ಯಾಡ, ಸಣ್ಣ ರೇಡಿಯೊ ಅಲೆ. ಒಂದ್ಸಲ ಜೋಡಿ ಮಾಡಿದ್ ಫೋನು ಅತ್ರ ಬಂದ್ರೆ ಸೆಟ್ಟು ತಾನೇ ಗುರುತು ಇಡಿತೈತೆ. ಬಲ ಕಮ್ಮಿ, ಅತ್ತು ಮೀಟ್ರು ದಾಟಾಕಿಲ್ಲ."

"ಅಂಗಾದ್ರೆ ಅವ್ನು ಅತ್ತು ಮೀಟ್ರೊಳಗೇ ಅವ್ನೆ?"

"ಊಂ."

ಹತ್ತು ಮೀಟರಿನೊಳಗೆ ಫೋನು ಇಟ್ಟುಕೊಂಡು ನಿಂತವನು ನಾನೊಬ್ಬನೇ ಎಂಬುದು ಅವನು ನನ್ನ ಮೂಗು ಮುರಿದ ಮೇಲೆ ಹೊಳೆಯಿತು.

"ಲೇ, ನಂಗೆ ಮದ್ವೆ ಆಗೈತಲೋ!" ಎಂದೆ, ರಕ್ತ ನುಂಗುತ್ತ.

ಅಷ್ಟರಲ್ಲಿ ಪಕ್ಕದ ಲಾರಿಯ ಹಿಂದಿನಿಂದ ಮುತ್ತುಸ್ವಾಮಿ, ಕಿವಿಗೆ ಫೋನೊತ್ತಿ, "ಸೆಲ್ವಿ, ಸತ್ತಮೇ ಇಲ್ಲೆ" ಎಂದು, ಸದ್ದೇ ಬರುತ್ತಿಲ್ಲವೆಂದು ಫೋನನ್ನು ತಮಿಳಿನಲ್ಲಿ ಬೈಯುತ್ತ ಬಂದ.

ಮೊದಲ ಏಟು ಮೊಣಕಾಲಿಗೆ. ಬಿದ್ದವನ ಬೆನ್ನಿಗೆ ಮತ್ತೊಂದು. ಮುಂದಿನದಕ್ಕೆ ಅವನು ಎಡಗೈ ಅಡ್ಡ ಇಟ್ಟ. ಕಬ್ಬು ಮುರಿದಂತೆ ಲಟಕ್ಕೆಂದಿತು. ಯಾರ್ಡಿನ ಗಂಡಸರೆಲ್ಲ ಲಾರಿಗಳ ಅಡಿ ಸೇರಿದರು. ನಾನು ಮೊದಲೇ ಅಲ್ಲಿದ್ದೆ.

ಆ ಸೆಟ್ಟಿಗೆ ಬಾಯಷ್ಟೇ ಅಲ್ಲ, ಮೈಕೂ ಇದೆ. ತೆರೆದ ಬಾಗಿಲಿನಿಂದ ಎಲ್ಲವೂ ಸೆಲ್ವಿಗೆ ಕೇಳಿಸುತ್ತಿತ್ತು.

"ಅಣ್ಣಾ! ಅವ್ನ್ ಸತ್ರೆ ನಿನ್ ಮೊಕ ನೋಡಾಕಿಲ್ಲ!" ಲಾರಿ ಅರಚಿತು.

ತಂಗಿಗೆ ಹೊಡೆಯಲಾರದ ಪಾಪಣ್ಣ ಲಾರಿಗೆ ನುಗ್ಗಿ ಸೆಟ್ಟಿಗೆ ಹೊಡೆದ. ಅದು ಚೂರಾಯಿತು. ದನಿ ನಿಂತಿತು.

"ಸೆಲ್ವೀ?" ಎಂದ. ಚೂರೊಂದನ್ನು ಎತ್ತಿ ಕಿವಿಗೆ ಹಿಡಿದ.

ಆಗ ಕೆಳಗಿನಿಂದ ಸಣ್ಣ ಸದ್ದು. ಸೆಟ್ಟು ಸತ್ತ ಮೇಲೆ ಮಾತು ಫೋನಿಗೇ ಮರಳಿತ್ತು. ಮುತ್ತುಸ್ವಾಮಿ ಅದನ್ನು ಬಲಗೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದ, ಬಿಡಲಿಲ್ಲ. ಪಾಪಣ್ಣ ಮಣ್ಣಿನಲ್ಲಿ ಮಂಡಿಯೂರಿ, ತಾನು ಹೊಡೆದವನ ಎದೆಗೇ ಕಿವಿ ಇಟ್ಟ.

"ಅಣ್ಣಾ, ಉಸ್ರು ಐತಾ?"

"ಐತೆ."

"ಕೈಕಾಲು?"

"ಎಡಗೈ ಓಯ್ತು. ಬಲಗೈ ಐತೆ."

ಆ ಕಡೆ ಅಳು. ಬಳಿಕ, "ಸೈನ್ ಆಕಾಕೆ ಅದು ಸಾಕು. ಸೋಮವಾರ ನೀನೇ ಕರ್ಕೊಂಡ್ ಬಾ. ಸಾಕ್ಷಿ ಬೇಕು."

ಪಾಪಣ್ಣ ರಾಡನ್ನು ಎಸೆದು ಮುತ್ತುಸ್ವಾಮಿಯನ್ನು ಎತ್ತಿ ಕ್ಯಾಬಿನ್ನಿನಲ್ಲಿ ಮಲಗಿಸಿದ. ಆಮೇಲೆ ಬಗ್ಗಿ ಲಾರಿಯಡಿ ಇದ್ದ ನನ್ನನ್ನು ನೋಡಿದ.

"ಬಾರಲಾ, ಆಸ್ಪತ್ರೇಗ್ ಓಗಾನ. ದಾರೀಲಿ ಏನೂ ವಿವರಿಸ್ಬ್ಯಾಡ."